ಸೊಸೆಯ ಫೋನು ಎತ್ತುವ ಅತ್ತೆ

ನರ್ಸುಗಳಿಗೆ ಸೂಜಿ ಚುಚ್ಚುವುದನ್ನು ಕಲಿಸುವುದಕ್ಕಿಂತ ದುಡ್ಡು ಕೇಳುವುದನ್ನು ಕಲಿಸುವುದು ಕಷ್ಟ ಎಂದು ನನಗೆ ಗೊತ್ತಾದದ್ದು ತರೀಕೆರೆಯ ಒಂದು ಮೆಡಿಕಲ್ ಶಾಪಿನ ಮಹಡಿಯ ಮೇಲೆ. ಅಲ್ಲಿ ಒಂದು ಖಾಲಿ ಕೋಣೆಯಿತ್ತು. ಕೆಳಗೆ ಬಸ್ ಸ್ಟ್ಯಾಂಡು. ಶಿವಮೊಗ್ಗ, ಶಿವಮೊಗ್ಗ ಎಂದು ಕಂಡಕ್ಟರುಗಳು ಕೂಗುತ್ತಿದ್ದರೆ ನಾನು ಕಿಟಕಿ ಮುಚ್ಚಿ ಪಾಠ ಶುರು ಮಾಡುತ್ತಿದ್ದೆ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಗದ್ದಲ. ಎರಡರ ನಡುವೆ ಒಂದು ವರ್ಷದ ಮೇಲೆ ಕಳೆದೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ನಿವೃತ್ತಳಾಗಿ ಕಡೂರಿನಲ್ಲಿ ಮನೆ ಮಾಡಿಕೊಂಡು ಇದ್ದವಳು. ಒಂದು ದಿನ ಒಂದು ಸಂಸ್ಥೆಯವರು ಮನೆಗೆ ಬಂದರು. ಓದಿಯೂ ಮನೆಯಲ್ಲಿ ಕೂತಿರುವ ನರ್ಸುಗಳನ್ನು ಸೇರಿಸಿ, ಅವರೇ ಸ್ವಂತವಾಗಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಉದ್ಯಮ ಕಟ್ಟುವಂತೆ ತಯಾರು ಮಾಡಬೇಕು, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯವರನ್ನು ನೀವು ನೋಡಿಕೊಳ್ಳಬೇಕು ಎಂದರು. ಉದ್ಯಮ ಎಂಬ ಮಾತು ನನ್ನ ಬಾಯಿಗೆ ಒಗ್ಗುವುದಲ್ಲ. ಆದರೂ ಒಪ್ಪಿಕೊಂಡೆ. ಯಾಕೆಂದರೆ ವಾರ್ಡಿನಲ್ಲಿ ನಾನು ಅದೊಂದನ್ನು ಮತ್ತೆ ಮತ್ತೆ ನೋಡಿದ್ದೆ. ಲಕ್ವ ಹೊಡೆದವರನ್ನೋ ಸೊಂಟ ಮುರಿದವರನ್ನೋ ಒಂದು ಹದಕ್ಕೆ ತಂದು ಮನೆಗೆ ಕಳಿಸುತ್ತಿದ್ದೆವು. ಮನೆಯವರು ಗೂಡ್ಸ್ ಆಟೋದಲ್ಲಿ ಚಾಪೆ ಹಾಸಿ ಮಲಗಿಸಿಕೊಂಡು ಕೈಮುಗಿದು ಹೋಗುತ್ತಿದ್ದರು. ಸ್ವಲ್ಪ ದಿನದಲ್ಲೇ ಅದೇ ಮನುಷ್ಯ ಬೆನ್ನ ಕೆಳಗೆ ಕೊಳೆತ ಗಾಯದೊಂದಿಗೆ ವಾಪಸು ಬರುತ್ತಿದ್ದ. ಮಗ್ಗುಲು ಬದಲಿಸಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಹೇಳಿದ್ದರೂ ಕೆಲಸದ ಗದ್ದಲದಲ್ಲಿ ಮರೆತಿರುತ್ತಾರೆ. ಇನ್ನೊಂದು ಕಡೆ ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಮದುವೆಯಾಗಿ ಸರ್ಟಿಫಿಕೇಟನ್ನು ಬೀರುವಿನಲ್ಲಿ ಸೀರೆಯ ಕೆಳಗಿಟ್ಟು ಕೂತಿದ್ದರು. ಈ ಎರಡನ್ನೂ ಸೇರಿಸಿದರೆ ಸಾಕಲ್ಲ ಎಂದುಕೊಂಡೆ. ಅಷ್ಟು ಸುಲಭವಾಗಿದ್ದರೆ ಯಾರಾದರೂ ಮೊದಲೇ ಮಾಡಿರುತ್ತಿದ್ದರು ಎಂದು ಆಗ ಹೊಳೆಯಲಿಲ್ಲ.

ಮೊದಲ ದಿನ ಕುರ್ಚಿ ಸಾಲದೆ ಕೆಳಗಿನ ಅಂಗಡಿಯಿಂದ ಸ್ಟೂಲು ತಂದೆವು. ನಾನು ರೋಗಿಯ ಮನೆಯ ಯಜಮಾನಿಯ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತು ಕೇಳುತ್ತಿದ್ದೆ, "ಏನಮ್ಮ, ದಿನಾ ಬಂದು ಡ್ರೆಸ್ಸಿಂಗ್ ಮಾಡಕ್ಕೆ ಎಷ್ಟು ಕೊಡ್ಬೇಕು?"

"ನೀವು ಎಷ್ಟು ಕೊಟ್ರೂ ಸರಿ ಮೇಡಂ," ಎಂದು ತಲೆ ತಗ್ಗಿಸುತ್ತಿದ್ದರು.

"ಹಂಗಂದ್ರೆ ಅವರು ಕಾಯಿ ಕೊಟ್ಟು ಕಳಿಸ್ತಾರೆ. ಸರಿಯಾಗಿ ಹೇಳು."

"ನಾಚ್ಕೆ ಆಗುತ್ತೆ ಮೇಡಂ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕು ಮುಗಿದ ಮೇಲೆ ಮತ್ತೆ ಕೇಳಿದರೂ ಅದೇ ಉತ್ತರ. ಐಸಿಯುನಲ್ಲಿ ಹೆದರದೆ ನಿಂತವರು ಈ ಒಂದು ಮಾತಿಗೆ ಕೆಂಪಾಗುತ್ತಿದ್ದರು. ಅವರನ್ನು ತಪ್ಪು ಎನ್ನುವುದು ಹೇಗೆ? ನಮಗೆ ಕಲಿಸಿದ್ದೇ ಸೇವೆ ಎಂಬ ಮಾತು. ಬಿಳಿ ಬಟ್ಟೆ ತೊಡಿಸಿ, ಕೈಯಲ್ಲಿ ದೀಪ ಹಿಡಿಸಿ ಪ್ರಮಾಣ ಮಾಡಿಸಿದ್ದರು. ಆ ಪ್ರಮಾಣದಲ್ಲಿ ಬಾಡಿಗೆ, ಬಸ್ ಚಾರ್ಜು, ಮಗುವಿನ ಸ್ಕೂಲ್ ಫೀಸು ಯಾವುದೂ ಇರಲಿಲ್ಲ.

ದಿನ ಹೋದಂತೆ ಸ್ಟೂಲುಗಳು ಕೆಳಕ್ಕೆ ಹೋದವು, ಆಮೇಲೆ ಕುರ್ಚಿಗಳು ಖಾಲಿಯಾದವು. ಸಿಂಗಟಗೆರೆಯಿಂದ ಬರುತ್ತಿದ್ದವಳು ಬಸ್ಸಿನ ಮೇಲೆ ಬಸ್ಸು ಬದಲಿಸಿ ಬರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು, ಅವಳು ಬರುವುದನ್ನು ನಿಲ್ಲಿಸಿದಳು. ಇನ್ನೊಬ್ಬಳ ಗಂಡ, ಕಂಡವರ ಮನೆಗೆ ಹೋಗಿ ಉಚ್ಚೆ ಎತ್ತುವುದು ಬೇಡ ಎಂದನಂತೆ. ಮತ್ತೊಬ್ಬಳಿಗೆ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ಕೊನೆಗೆ ಗಟ್ಟಿಯಾಗಿ ಉಳಿದವರು ಇಬ್ಬರು. ಒಬ್ಬ ತರೀಕೆರೆಯವನು. ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನು, ಒಳ್ಳೆಯ ಮಾತುಗಾರ, ಬೈಕು ಇತ್ತು, ಆಗಲೇ ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡಿದ್ದ. ಇನ್ನೊಬ್ಬಳು ಅಜ್ಜಂಪುರಕ್ಕೆ ಸೊಸೆಯಾಗಿ ಬಂದವಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಇದ್ದು, ಮಗುವಾದ ಮೇಲೆ ಬಿಟ್ಟವಳು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಕೇಳಿದರೆ ಮಾತ್ರ ಮಾತು.

ನನ್ನ ಆಸೆಯೆಲ್ಲ ತರೀಕೆರೆಯವನ ಮೇಲಿತ್ತು.

ಅಜ್ಜಂಪುರದವಳಿಗೆ ಮೊದಲ ಮನೆ ಸಿಕ್ಕಿದ್ದು ನನ್ನ ಮೂಲಕವೇ. ಅಜ್ಜಂಪುರಕ್ಕೆ ಹತ್ತಿರದ ಒಂದು ಹಳ್ಳಿ. ಮಠಕ್ಕೆ ನಡೆದುಕೊಳ್ಳುವ ದೊಡ್ಡ ಮನೆತನ, ತೆಂಗು, ರಾಗಿ, ಹಸು, ತುಂಬಿದ ಮನೆ. ಆ ಮನೆಯ ಹಿರಿಯಜ್ಜಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಎಡಗೈ ಮಡಚಿ ಎದೆಗೆ ಅಂಟಿಕೊಂಡಿತ್ತು. ಸೊಂಟದ ಕೆಳಗೆ ಗಾಯವಾಗಿತ್ತು. ಡಾಕ್ಟರು, ದಿನಾ ಡ್ರೆಸ್ಸಿಂಗ್ ಆಗಲೇಬೇಕು, ಯಾರನ್ನಾದರೂ ಮನೆಗೇ ಕರೆಸಿ ಎಂದು ಹೇಳಿ, ನನ್ನ ನಂಬರು ಕೊಟ್ಟಿದ್ದರು. ನಾನು ಅವಳನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ ಬಂದೆ. ನಡುಮನೆಯಲ್ಲಿ ಅಜ್ಜಿಯ ಮಂಚ. ಅಜ್ಜಿ ಗೋಡೆ ಕಡೆ ಮುಖ ಮಾಡಿಕೊಂಡಿತ್ತು. ಇವಳು ಅದರ ಕಿವಿಯ ಹತ್ತಿರ ಬಗ್ಗಿ, "ಅಜ್ಜಿ, ನೋವಾದ್ರೆ ನನ್ನ ಕೈ ಚಿವುಟಿ, ಸುಮ್ನೆ ತಡ್ಕೋಬೇಡಿ," ಎಂದಳು. ಅಜ್ಜಿ ನಿಜವಾಗಿಯೂ ಚಿವುಟಿತು. ನನಗೆ ಧೈರ್ಯ ಬಂತು. ನಡೆಯುತ್ತದೆ ಅನ್ನಿಸಿತು.

ಮೊದಮೊದಲು ದಿನಾ ಫೋನು ಮಾಡಿ ಗಾಯದ ಬಣ್ಣ, ವಾಸನೆ, ಅಂಚು ಎಲ್ಲ ಹೇಳುತ್ತಿದ್ದಳು. ಆಮೇಲೆ ಫೋನು ಕಡಿಮೆಯಾಯಿತು. ಒಂದು ದಿನ ಆ ಮನೆಯವರೇ ಫೋನು ಮಾಡಿದರು. "ಏನ್ ಮೇಡಂ, ನಿಮ್ಮ ಹುಡುಗಿ ಬರ್ತಾನೇ ಇಲ್ವಲ್ಲ. ನಾವೇನು ಮಾಡಿದ್ವಿ ಅವ್ಳಿಗೆ?" ಅವಳಿಗೆ ಮಾಡಿದರೆ ಎತ್ತಲಿಲ್ಲ. ಕಡೂರಿನಿಂದ ಬೀರೂರು, ಬೀರೂರಿನಿಂದ ಅಜ್ಜಂಪುರ. ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಹೋದೆ. ಹೋಗಿ ಏನು ಹೇಳುವುದು ಎಂದು ಯೋಚಿಸುವಷ್ಟು ಚೈತನ್ಯವೂ ಇರಲಿಲ್ಲ. ಇವಳೂ ಬಿಟ್ಟಳು, ಅಷ್ಟೇ ಎಂದುಕೊಂಡೆ.

ಅವಳ ಮನೆ ಬಾಗಿಲಲ್ಲಿ ಕೂತಿದ್ದವರು ಅವಳ ಅತ್ತೆ. ಗಟ್ಟಿ ಹೆಂಗಸು. ಬಾಯಲ್ಲಿ ಎಲೆಯಡಿಕೆ.

"ನೀವೇನಾ ಆ ಮೇಡಮ್ಮು? ಬನ್ನಿ, ಕೂತ್ಕಳಿ. ಕಾಪಿ ಕುಡ್ದು ಹೋಗಿ. ಆದ್ರೆ ನನ್ ಸೊಸೆನ ಇನ್ನೆಲ್ಗೂ ಕರೀಬ್ಯಾಡಿ."

"ಯಾಕಮ್ಮ, ಏನಾಯ್ತು?"

"ಏನಾಯ್ತಾ? ಲೇ, ಬಾರೆ ಇಲ್ಲಿ. ಕೈ ತೋರ್ಸೆ ಮೇಡಮ್ಗೆ."

ಅವಳು ಒಳಗಿನಿಂದ ಬಂದು ನಿಂತಳು. ಬೆರಳ ತುದಿಗಳೆಲ್ಲ ಸೀಳಿದ್ದವು. ಡ್ರೆಸ್ಸಿಂಗ್ ಮಾಡಿದ ಕೈಯಲ್ಲ ಅದು, ಬೂದಿ, ಸಬೀನಾ ಪುಡಿ ಹಾಕಿ ಪಾತ್ರೆ ಉಜ್ಜಿದ ಕೈ.

"ನಮ್ಮನೇಲಿ ಇವ್ಳು ಮಗಾನ ನೋಡ್ಕಂಡು ಅಡಿಗೆ ಮಾಡಿದ್ರೆ ಸಾಕಿತ್ತು. ಆ ಮನೇಲಿ ಹಂಡೆ ಹಂಡೆ ಪಾತ್ರೆ ಉಜ್ಜವ್ಳೆ. ಬಟ್ಟೆ ಒಗ್ದವ್ಳೆ. ಮುಗಿಸ್ಕಂಡು ಬಂದು ಇಲ್ಲಿ ಅಳ್ತಾಳೆ. ಇದನ್ನ ಕಲ್ಸಕ್ಕಾ ನೀವು ತರೀಕೆರೆಗೆ ಕರೆಸ್ಕಂಡಿದ್ದು?"

ನಾನು ಅವಳ ಮುಖ ನೋಡಿದೆ. ಅವಳು ನಿಧಾನವಾಗಿ ಹೇಳಿದಳು, "ಡ್ರೆಸ್ಸಿಂಗ್ ಮುಗಿಸಿ ಅಜ್ಜಿನ ಮಗ್ಗುಲಿಗೆ ತಿರುಗ್ಸಿ ಒಂದು ಗಳಿಗೆ ಕೂತ್ಕೊತೀನಲ್ಲ ಮೇಡಂ, ಅದನ್ನ ನೋಡಿ, ಹೆಂಗೂ ಕೂತಿದ್ದೀಯಲ್ಲ, ಇದೊಂದು ಚೂರು ಮಾಡ್ಬಿಡು ಅಂದ್ರು. ಮೊದ್ಲು ಲೋಟ. ಆಮೇಲೆ ಎಲ್ಲಾ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಗಾಯ ಆರ್ತಾ ಇತ್ತು. ಜಗಳ ಮಾಡಿದ್ರೆ ಬಿಡಿಸ್ತಾರೆ, ಬಿಡಿಸಿದ್ರೆ ಅದು ಮತ್ತೆ ಬಾಯಿ ಬಿಡುತ್ತೆ."

"ಮತ್ತೆ ಯಾಕೆ ನಿಲ್ಲಿಸ್ದೆ?"

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆಯೇ ಹೇಳಿದರು, "ಯಾವ ಜನ, ಯಾವ ಪೈಕಿ ಅಂತ ಕೇಳವ್ರೆ. ಇವ್ಳು ಹೇಳವ್ಳೆ. ಮಾರನೇ ದಿನದಿಂದ ಕಾಪಿ ಲೋಟ ಬ್ಯಾರೆ ಆಯ್ತು. ಪಾತ್ರೆ ಉಜ್ಜೋದೂ ತಪ್ತು, ಅದೊಂದು ಉಪ್ಕಾರ ಆಯ್ತು. ಆದ್ರೆ ಬಟ್ಟೆ ಒಗ್ಯೋದು ಮಾತ್ರ ತಪ್ಲಿಲ್ಲ."

ಆಸ್ಪತ್ರೆಯಲ್ಲಿ ಯಾರ ಮಲ ಯಾರು ತೊಳೆಯುತ್ತಾರೆ, ಯಾರ ರಕ್ತ ಯಾರ ಮೈಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಅಥವಾ ಕೇಳುವ ಧೈರ್ಯ ಇರುವುದಿಲ್ಲ. ಬಿಳಿ ಬಟ್ಟೆ, ಉದ್ದದ ವಾರ್ಡು, ಫಿನಾಯಿಲ್ ವಾಸನೆ ಎಲ್ಲ ಸೇರಿ ಒಂದು ಗೋಡೆ ಆಗಿರುತ್ತದೆ. ಮನೆಗೆ ಹೋಗುವ ನರ್ಸಿಗೆ ಆ ಗೋಡೆ ಇಲ್ಲ. ಆ ಮನೆಗೆ ಫೋನು ಮಾಡಿ ಇನ್ನು ಅವಳು ಬರುವುದಿಲ್ಲ, ನೀವೇ ನೋಡಿಕೊಳ್ಳಿ ಎಂದುಬಿಡುತ್ತೇನೆ ಎಂದೆ. ಸಿಟ್ಟಿಗಿಂತ ಹೆಚ್ಚಾಗಿ ಸಾಕಾಗಿತ್ತು.

ಅತ್ತೆ ಎಲೆಯಡಿಕೆ ಉಗಿದು ಬಂದು, "ಗಾಯ ಅಂದ್ರೆ ಎಂಥ ಗಾಯನೇ ಅದು?" ಎಂದು ಸೊಸೆಯನ್ನು ಕೇಳಿದರು.

"ಒಂದು ನಿಂಬೆಹಣ್ಣು ಒಳಗೆ ಹೋಗಂಗಿತ್ತು ಅತ್ತೆ. ಈಗ ಹುಣಸೆ ಬೀಜದಷ್ಟು ಐತೆ."

"ಮೈಯಾಗೇ?"

"ಹ್ಞೂಂ. ಮೂಳೆ ಕಾಣ್ತಿತ್ತು."

ಅತ್ತೆ ನನ್ನ ಕಡೆ ತಿರುಗಿ, "ನೀವು ಫೋನು ಮಾಡ್ಬ್ಯಾಡಿ. ನಾಳೆ ನಾನೂ ಬತ್ತೀನಿ. ಮೂರು ಜನಾನೂ ಹೋಗಣ," ಎಂದರು.

ಅತ್ತೆ ಹಿಂದೆ ಸಂತೆಗಳಲ್ಲಿ ವೀಳ್ಯದೆಲೆ ಮಾರುತ್ತಿದ್ದವರು ಎಂದು ನನಗೆ ಮರುದಿನ ಬಸ್ಸಿನಲ್ಲಿ ಗೊತ್ತಾಯಿತು. ಗಂಡ ಬೇಗ ಹೋಗಿಬಿಟ್ಟಿದ್ದ. ಅಜ್ಜಂಪುರದ ಸಂತೆ, ಬೀರೂರಿನ ಸಂತೆ ಎಂದು ಬುಟ್ಟಿ ಹೊತ್ತು ಮಗನನ್ನು ಓದಿಸಿದ್ದರು. ಮಗ ಈಗ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇರುತ್ತಿದ್ದುದು ಅಪರೂಪ.

ಆ ದೊಡ್ಡ ಮನೆಯ ಜಗಲಿಯಲ್ಲಿ ನಾವು ಕೂತೆವು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹಸು ಕರು ಹಾಕಿತೇ ಎಂದು ಕೇಳಿದರು. ತೆಂಗಿನ ಗರಿಗೆ ಹತ್ತಿದ ರೋಗದ ವಿಚಾರ ಬಂತು. ಆ ಮನೆಯ ದೊಡ್ಡ ಸೊಸೆ ಬಂದು ಕಂಬಕ್ಕೆ ಒರಗಿ ನಿಂತಳು. ಐವತ್ತರ ಹತ್ತಿರದ ಹೆಂಗಸು, ಕಣ್ಣ ಕೆಳಗೆ ಕಪ್ಪು. ಮಾತು ಎಲ್ಲೆಲ್ಲೋ ಸುತ್ತಿ ಅಜ್ಜಿಯ ಮಂಚದ ಹತ್ತಿರ ಬಂದಾಗ ಅತ್ತೆ ದನಿ ಎತ್ತರಿಸದೆ ಹೇಳಿದರು.

"ನೋಡವ್ವ, ನನ್ ಸೊಸೆ ಗಾಯ ತೊಳ್ಯಾಕೆ ಬತ್ತಾಳೆ. ಬಟ್ಟೆ ಪಾತ್ರೆ ತೊಳ್ಯಾಕಲ್ಲ. ಸೋಪಿನ ನೀರಾಗೆ ಸೀಳಿದ ಕೈಲಿ ಗಾಯ ಮುಟ್ಟಿದ್ರೆ ಅವ್ಳಿಗೂ ಕೇಡು, ನಿಮ್ಮತ್ತೆಗೂ ಕೇಡು. ಹೌದಾ ಅಲ್ವಾ ಮೇಡಂ?"

"ಹೌದು," ಎಂದೆ. ಆ ದಿನ ನಾನು ಆಡಿದ್ದು ಹೆಚ್ಚುಕಡಿಮೆ ಅಷ್ಟೇ.

ದೊಡ್ಡ ಸೊಸೆ ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದಂತೆ ಕೂತಳು. "ನನ್ಗೂ ಸಾಕಾಗೈತೆ ಕಣಮ್ಮ. ಅತ್ತೆ ಮಲಗ್ದಾಗಿಂದ ತವರಿನ ಮುಖ ನೋಡಿಲ್ಲ. ತಮ್ಮನ ಮಗಳ ಮದ್ವೆಗೂ ಹೋಗ್ಲಿಲ್ಲ. ಈ ಹುಡ್ಗಿ ಬಂದ್ಮೇಲೆ ಒಂದು ಚೂರು ಉಸ್ರು ಬಿಟ್ಟಿದ್ದೆ. ಯಾರಾದ್ರೂ ಕೈಗೆ ಸಿಕ್ರೆ ಇದೊಂದು ಮಾಡು ಅಂತ ಬಾಯಿಗೆ ಬಂದ್ಬಿಡ್ತದೆ." ಆಮೇಲೆ ತಡವರಿಸುತ್ತಾ, "ಊಟದ್ದು ಮಾತ್ರ… ನಮ್ಮನೇಲಿ ಪೂಜೆ, ಮಠದೋರು ಬತ್ತಾರೆ…" ಎಂದಳು.

"ಅವ್ಳು ಬುತ್ತಿ ತತ್ತಾಳೆ," ಎಂದರು ಅತ್ತೆ. "ನೀರೂ ತತ್ತಾಳೆ. ಆಗ ಕೇಳೋ ಕಷ್ಟ ನಿಮ್ಗಿಲ್ಲ, ಹೇಳೋ ಕಷ್ಟ ಅವ್ಳಿಗಿಲ್ಲ. ಇನ್ನು ದುಡ್ಡಿನ ಮಾತು." ಮತ್ತೆ ಅದನ್ನೂ ಹೇಳಿದರು. ಎಷ್ಟು, ಯಾವಾಗ, ಹಬ್ಬದ ದಿನ ಬಂದರೆ ಏನು, ಎಲ್ಲವನ್ನೂ ಎಲೆ ಎಣಿಸಿ ಕಟ್ಟು ಕಟ್ಟಿದಷ್ಟು ಸಲೀಸಾಗಿ. ಆ ಮಹಡಿಯ ಕೋಣೆಯಲ್ಲಿ ನಾನು ತಿಂಗಳುಗಟ್ಟಲೆ ಕಲಿಸಲಾಗದ್ದು ಆ ಜಗಲಿಯ ಮೇಲೆ ಒಂದು ಎಲೆಯಡಿಕೆ ಮುಗಿಯುವಷ್ಟರಲ್ಲಿ ಆಯಿತು. ಒಳಗಿನಿಂದ ಅಜ್ಜಿಯ ದನಿ ಬಂತು. ತೊದಲುವ ಮಾತು, ಯಾರಿಗೂ ಅರ್ಥವಾಗಲಿಲ್ಲ. ನಮ್ಮವಳಿಗೆ ಆಯಿತು. "ತಿರುಗ್ಸು ಅಂತಿದ್ದಾರೆ," ಎಂದು ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ ನನಗೆ ಒಳಗೊಳಗೇ ಕುದಿಯುತ್ತಿತ್ತು. "ಬುತ್ತಿ ತರ್ತಾಳೆ ಅಂತ ಯಾಕೆ ಒಪ್ಕೊಂಡ್ರಿ? ಅವರು ಮಾಡಿದ್ದು ಸರಿ ಅಂದಂಗಾಯ್ತಲ್ಲ," ಎಂದೆ.

ಅತ್ತೆ ಕಿಟಕಿಯಾಚೆ ನೋಡುತ್ತಾ ಹೇಳಿದರು, "ಸಂತೇಲಿ ನನ್ ಎಲೆ ಎಲ್ರೂ ತಗಂಡ್ರು ಮೇಡಂ. ದುಡ್ಡು ಮಾತ್ರ ಕೆಲವ್ರು ಕೈಗೆ ಕೊಡ್ತಿರ್ಲಿಲ್ಲ, ನೆಲದ ಮ್ಯಾಲೆ ಇಟ್ಟು ಹೋಗೋರು. ಬಗ್ಗಿ ಎತ್ಕಂಡೆ. ಮಗಾನ ಸಾಕ್ದೆ. ನಾನು ಮರ್ತಿಲ್ಲ, ಮರೆಯೋದೂ ಇಲ್ಲ. ಆದ್ರೆ ಮೊದ್ಲು ಕಾಲೂರ್ಬೇಕು. ಕಾಲೂರ್ದೆ ಜಗಳ ಆಡಿದ್ರೆ ಬೀಳೋರು ನಾವೇ."

ಅವರು ಹೇಳಿದ್ದನ್ನು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ತಪ್ಪೆಂದು ಹೇಳುವ ಶಕ್ತಿಯೂ ಬಂದಿಲ್ಲ.

ಆ ದಿನದಿಂದ ಸೊಸೆಯ ಫೋನು ಅತ್ತೆಯ ಕೈಗೆ ಹೋಯಿತು. ಬಟನ್ ಇರುವ ಹಳೆಯ ಫೋನು, ಸೊಂಟದ ಚೀಲದಲ್ಲಿ ಎಲೆಯಡಿಕೆ ಸುಣ್ಣದ ಜೊತೆ ಇರುತ್ತಿತ್ತು. ಯಾರಾದರೂ ಫೋನು ಮಾಡಿದರೆ ಮೊದಲು ರೋಗಿಯ ಮನೆ ಯಾವುದು, ಬಸ್ಸು ಎಲ್ಲಿವರೆಗೆ, ಮನೆಯಲ್ಲಿ ಹೆಂಗಸರು ಯಾರಿದ್ದಾರೆ, ಕುಡಿಯುವವರು ಇದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಆಮೇಲೆ ಅದೇ ಮಾತು: ಗಾಯ ತೊಳ್ಯಾಕೆ ಬತ್ತಾಳೆ, ಬಟ್ಟೆ ಪಾತ್ರೆ ತೊಳ್ಯಾಕಲ್ಲ. ಒಮ್ಮೆ ಯಾರೋ ಚೌಕಾಸಿ ಮಾಡಿದ್ದಕ್ಕೆ, "ಎಮ್ಮೆಗೆ ಸೂಜಿ ಹಾಕೋ ಡಾಕ್ಟ್ರಿಗೆ ಕೊಡಲ್ವೇನ್ರೀ? ನಿಮ್ಮವ್ವ ಎಮ್ಮೆಗಿಂತ ಕಡಿಮೆನಾ?" ಎಂದರಂತೆ. ಸೊಸೆ ಅದನ್ನು ಹೇಳುತ್ತಾ ನನ್ನೆದುರು ಮೊದಲ ಸಲ ಬಾಯ್ತುಂಬ ನಕ್ಕಳು.

ಅದೇ ದಿನಗಳಲ್ಲಿ ತರೀಕೆರೆಯವನು ಸೋಲುತ್ತಾ ಬಂದ. ಅವನು ಕೆಲಸಗಳ್ಳನಲ್ಲ. ಲಕ್ಕವಳ್ಳಿಯವರೆಗೂ ಬೈಕಿನಲ್ಲಿ ಹೋಗುತ್ತಿದ್ದ, ಅಣೆಕಟ್ಟಿನ ಕೆಲಸದಲ್ಲಿದ್ದು ಹಾಸಿಗೆ ಹಿಡಿದ ಒಬ್ಬರನ್ನು ಎಬ್ಬಿಸಿ ನಡೆಸಿದ್ದ. ಆದರೆ ಹೆಣ್ಣು ರೋಗಿಗಳಿದ್ದ ಮನೆಗಳಲ್ಲಿ ಅವನನ್ನು ಒಳಗೆ ಬಿಡಲಿಲ್ಲ. ಗಂಡಸರಿದ್ದ ಮನೆಗಳಲ್ಲಿ ಎಲ್ಲರಿಗೂ ಅವನಿಂದ ಬೇಕಾಗಿದ್ದದ್ದು ಒಂದೇ. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಹೇಳಿದ.

"ಸುಸ್ತಾಗಿದೆ, ಒಂದು ಬಾಟ್ಲಿ ಗ್ಲೂಕೋಸ್ ಏರಿಸ್ಬಿಡಪ್ಪ ಅಂತಾರೆ ಮೇಡಂ. ಡಾಕ್ಟ್ರ ಚೀಟಿ ಇಲ್ದೆ ಹಾಕಲ್ಲ ಅಂದ್ರೆ, ನೀನೆಂಥ ನರ್ಸು, ಪಕ್ಕದ ಊರೋನು ಕೇಳ್ದಂಗೇ ಹಾಕ್ತಾನೆ ಅಂತಾರೆ. ಅವನು ಏನೂ ಓದಿಲ್ಲ ಮೇಡಂ. ಅವನ ಮನೆ ಮುಂದೆ ಜನ ಸಾಲು ನಿಂತಿರ್ತಾರೆ."

"ನೀನು ಸರಿಯಾಗೇ ಮಾಡ್ತಿದ್ದೀಯ."

"ಸರಿ ಮಾಡಿ ಮಾಡಿ ಬೈಕಿಗೆ ಪೆಟ್ರೋಲ್ ಹಾಕ್ಸಕ್ಕಾಗ್ತಿಲ್ಲ." ಅವನು ನಗಲು ನೋಡಿದ. "ಶಿವಮೊಗ್ಗದಲ್ಲಿ ಡಯಾಲಿಸಿಸ್ ಸೆಂಟರಲ್ಲಿ ಕೆಲಸ ಸಿಕ್ಕಿದೆ. ಮಾವನ ಮನೆಯವ್ರು ಮನೆಮನೆ ತಿರುಗೋನು ಅಂತಾರೆ, ಅದೂ ತಪ್ಪುತ್ತೆ. ಬೇಜಾರು ಮಾಡ್ಕೋಬೇಡಿ ಮೇಡಂ."

ಬೇಜಾರಾಗಲಿಲ್ಲ ಎಂದರೆ ಸುಳ್ಳು. ಅವನನ್ನು ನಾನೇ ಹೋಗಿ ಬಸ್ಸು ಹತ್ತಿಸಿದೆ. ವಿಸಿಟಿಂಗ್ ಕಾರ್ಡುಗಳ ಮೇಲೆ ಅವನ ಹೆಸರಿನ ಕೆಳಗೆ ನಾನು ಹೇಳಿದಂತೆಯೇ ಅಚ್ಚು ಹಾಕಿಸಿದ್ದ: ನಿಮ್ಮ ಮನೆಗೇ ಬರುವ ಆರೈಕೆ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಸಂಸ್ಥೆಯವರು ಆಮೇಲೆ ಬಂದರು. ಒಂದು ಯಶೋಗಾಥೆ ಬೇಕು ಎಂದರು. ಅಜ್ಜಂಪುರದವಳ ಬಗ್ಗೆ ಹೇಳಿದೆ. ಅವಳು ಎಷ್ಟು ಜನರಿಗೆ ಕೆಲಸ ಕೊಟ್ಟಿದ್ದಾಳೆ, ಮೂರು ತಾಲ್ಲೂಕಿಗೆ ಯಾವಾಗ ಹರಡುತ್ತಾಳೆ ಎಂದು ಕೇಳಿದರು. ಇನ್ನೂ ಕಾಲೂರುತ್ತಿದ್ದಾಳೆ ಎಂದೆ. ಅವರು ತಲೆಯಾಡಿಸಿ ಫೋಟೋ ತೆಗೆದುಕೊಂಡರು. ಫೋಟೋದಲ್ಲಿ ಬರದಂತೆ ಪಕ್ಕಕ್ಕೆ ನಿಲ್ಲಿ ಎಂದು ಅತ್ತೆಗೆ ಹೇಳಿದರು. ಕೆಲವು ತಿಂಗಳ ನಂತರ ಯೋಜನೆ ಮುಗಿಯಿತು ಎಂಬ ಸುದ್ದಿ ಬಂತು. ಮಹಡಿಯ ಕೋಣೆಯ ಬೀಗದ ಕೈ ಮೆಡಿಕಲ್ ಶಾಪಿನವರಿಗೆ ಕೊಟ್ಟು ಇಳಿದು ಬಂದೆ. ಇಳಿಯುವಾಗ ದುಃಖವೇನೂ ಆಗಲಿಲ್ಲ. ಇನ್ನು ಆ ಮೆಟ್ಟಿಲು ಹತ್ತಬೇಕಿಲ್ಲ ಎಂದು ಮಾತ್ರ ಅನ್ನಿಸಿತು.

ಅಜ್ಜಿಯ ಗಾಯ ಪೂರ್ತಿ ಮುಚ್ಚಿತು. ಆದರೂ ಕೈಕಾಲು ಆಡಿಸಲು, ಮಗ್ಗುಲು ಬದಲಿಸಲು ನಮ್ಮವಳು ದಿನಾ ಹೋಗುತ್ತಿದ್ದಳು. ಅಜ್ಜಿಯನ್ನು ಅಂಗಳಕ್ಕೆ ತಂದು ಬಿಸಿಲಲ್ಲಿ ಕೂರಿಸುವಷ್ಟು ಆಯಿತು. ದೊಡ್ಡ ಸೊಸೆ ತವರಿಗೆ ಹೋಗಿ ಬಂದಳು. ಬರುವಾಗ ನಮ್ಮವಳ ಮಗುವಿಗೆ ಒಂದು ಅಂಗಿ ತಂದಿದ್ದಳು. ಬುತ್ತಿ ಮಾತ್ರ ಹಾಗೇ ನಡೆಯುತ್ತಿತ್ತು. ಜಗಲಿಯ ಮೂಲೆಯಲ್ಲಿ ಕೂತು ಇವಳು ಉಣ್ಣುತ್ತಿದ್ದಳು. ಅಜ್ಜಿಗೆ ಮಾತು ಸ್ವಲ್ಪ ತಿರುಗಿದ ಮೇಲೆ, ಜಗಲಿ ಕಡೆ ಕೈ ತೋರಿಸಿ ಸೊಸೆಯಂದಿರನ್ನು ಏನೋ ಬೈಯುತ್ತಿತ್ತಂತೆ. ಅವರು ಕೇಳಿಸದ ಹಾಗೆ ಇರುತ್ತಿದ್ದರಂತೆ.

ಒಂದು ಬೆಳಿಗ್ಗೆ ಇವಳು ಎಂದಿನಂತೆ ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ಯಾರೂ ಫೋನು ಮಾಡಿರಲಿಲ್ಲ. ಮನೆಯವರು ನೆಂಟರಿಷ್ಟರಿಗೆ, ಮಠಕ್ಕೆ, ಊರೂರಿಗೆ ಅಜ್ಜಿ ತೀರಿಕೊಂಡ ಸುದ್ದಿ ಮುಟ್ಟಿಸುತ್ತಿದ್ದರು. ನರ್ಸಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇವಳು ಬ್ಯಾಗು ಹಿಡಿದು ಗೇಟಿನ ಹತ್ತಿರ ನಿಂತಳು. ಒಳಗೆ ಹೋಗುವುದೋ ಬಿಡುವುದೋ, ಅಳುವುದೋ ಬಿಡುವುದೋ ಗೊತ್ತಾಗಲಿಲ್ಲ. ಆ ಮನೆಗೆ ಅವಳು ಏನೂ ಅಲ್ಲ. ಆದರೆ ಆ ಅಜ್ಜಿಯ ಮೈಯ ಒಂದೊಂದು ಮಡಿಕೆಯೂ ಅವಳಿಗೆ ಗೊತ್ತಿತ್ತು.

ದೊಡ್ಡ ಸೊಸೆ ಅವಳನ್ನು ನೋಡಿ ಹೊರಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು. "ಬಾ ಒಳಗೆ. ಸ್ನಾನ ಮಾಡಿಸ್ಬೇಕು. ಆ ಕೈ ಹೆಂಗೆ ಬಿಡಿಸ್ಬೇಕು ಅಂತ ನಮ್ಗೆ ಗೊತ್ತಾಗ್ತಿಲ್ಲ. ಎಳೆದ್ರೆ ಮುರೀತದೆ ಅಂತ ಹೆದ್ರಿಕೆ. ಅತ್ತೆ ಕೈ ನಿಂಗೇ ಗೊತ್ತು."

ಒಬ್ಬ ಮುದುಕಿ ಏನೋ ಗೊಣಗಿದಳಂತೆ. ದೊಡ್ಡ ಸೊಸೆ, "ಸುಮ್ಕಿರಿ ದೊಡ್ಡಮ್ಮ," ಎಂದು ಇವಳ ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಇವಳು ಬಿಸಿನೀರಿನ ಬಟ್ಟೆ ಸುತ್ತಿ, ಮೊಣಕೈಯ ಹತ್ತಿರ ಮೆಲ್ಲಗೆ ಒತ್ತುತ್ತಾ ಒತ್ತುತ್ತಾ ಆ ಕೈಯನ್ನು ಎದೆಯಿಂದ ಬಿಡಿಸಿದಳು. ಹೆಂಗಸರೆಲ್ಲ ಸೇರಿ ಸ್ನಾನ ಮಾಡಿಸಿದರು. ವಿಭೂತಿ ಹಚ್ಚಿ ಕೂರಿಸುವ ಹೊತ್ತಿಗೆ ಇವಳು ಹಿತ್ತಿಲಿನ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು, ಯಾರಿಗೂ ಹೇಳದೆ ಬಸ್ಸಿಗೆ ಬಂದಳು.

ಸಂಜೆ ನನಗೆ ಫೋನು ಮಾಡಿದಳು. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಾಳೆ ತರೀಕೆರೆಯಲ್ಲಿ ಒಂದು ಮನೆ ಇದೆ ಮೇಡಂ, ಅತ್ತೆ ಒಪ್ಕೊಂಡಿದ್ದಾರೆ. ಹೋಗ್ಬೇಕು. ಆದ್ರೆ ಬೆಳಿಗ್ಗೆ ಎದ್ರೆ ಕಾಲು ಅಜ್ಜಿ ಮನೆ ಬಸ್ಸಿಗೇ ಹೋಗುತ್ತೇನೋ ಅನ್ಸುತ್ತೆ. ಆಸ್ಪತ್ರೆಯಲ್ಲೂ ಸಾವು ನೋಡಿದ್ದೀನಿ. ಆಗ ಹಿಂಗೆ ಆಗಿರ್ಲಿಲ್ಲ."

ಆಸ್ಪತ್ರೆಯಲ್ಲಿ ಒಂದು ಮಂಚ ಖಾಲಿಯಾದರೆ ನಾವು ಡ್ಯೂಟಿ ರೂಮಿನಲ್ಲಿ ಕೂತು ಟೀ ಕುಡಿಯುತ್ತಿದ್ದೆವು. ಒಬ್ಬಳು ಅತ್ತರೆ ಇನ್ನೊಬ್ಬಳು ಬೈದು ಎಬ್ಬಿಸುತ್ತಿದ್ದಳು. ಒಂಟಿಯಾಗಿ ಮನೆಮನೆಗೆ ಹೋಗುವವಳಿಗೆ ಆ ರೂಮಿಲ್ಲ. ಗಿರಾಕಿ ಹಿಡಿಯುವುದು, ದರ ಹೇಳುವುದು, ಕಾರ್ಡು ಹಂಚುವುದು ಎಲ್ಲ ಪಾಠ ಮಾಡಿದ್ದ ನನಗೆ ಇದೊಂದು ಹೊಳೆದೇ ಇರಲಿಲ್ಲ.

"ಸಂತೆ ದಿನ ನಾನು ಬರ್ತೀನಿ," ಎಂದೆ. "ಸುಮ್ನೆ. ಪಾಠ ಏನಿಲ್ಲ."

ಅಂದಿನಿಂದ ಸಂತೆ ದಿನ ಮಧ್ಯಾಹ್ನ ಅಜ್ಜಂಪುರಕ್ಕೆ ಹೋಗುವುದು ರೂಢಿಯಾಗಿದೆ. ಈಗ ಅವರು ಮೂವರಾಗಿದ್ದಾರೆ. ಗಂಡ ಬೇಡ ಎಂದಿದ್ದವಳು ಗಂಡನನ್ನು ಒಪ್ಪಿಸಿ ಬಂದಿದ್ದಾಳೆ, ಅವನನ್ನು ಒಪ್ಪಿಸಿದ್ದೂ ಅತ್ತೆಯೇ ಎಂದು ಕೇಳಿದ್ದೇನೆ. ನರ್ಸಿಂಗ್ ಹೋಮಿಗೆ ಹೋಗಿದ್ದವಳು ಅಲ್ಲಿಂದ ಬಿಟ್ಟು ಬಂದಿದ್ದಾಳೆ. ಮೂವರ ಕೆಲಸವನ್ನೂ ಅತ್ತೆಯೇ ಹಂಚುತ್ತಾರೆ. ಇನ್ನೂ ಇಬ್ಬರನ್ನು ಸೇರಿಸಿಕೊಂಡರೆ ಕಡೂರಿಗೂ ಹರಡಬಹುದು ಎಂದು ನಾನು ಒಮ್ಮೆ ಹೇಳಿ ನೋಡಿದೆ. "ಇವರಿಗೆ ಏನಾದ್ರೂ ಆದ್ರೆ ನಾನು ಬಸ್ಸು ಹತ್ತಿ ಹೋಗಿ ಜಗಳ ಆಡಿ ಸಂಜೆ ಮನೆಗೆ ಬರಂಗಿರ್ಬೇಕು ಮೇಡಂ," ಎಂದರು ಅತ್ತೆ. "ಅಷ್ಟೇ ದೂರ ಸಾಕು." ನಾನು ಮತ್ತೆ ಒತ್ತಾಯಿಸಲಿಲ್ಲ.

ಹೋದ ಸಂತೆಯ ದಿನ ನಾನು ತಲುಪಿದಾಗ ಎಲ್ಲರೂ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಒಬ್ಬಳು ತನ್ನ ರೋಗಿ ಅನ್ನ ಉಗುಳಿದ್ದನ್ನು ಹೇಳುತ್ತಿದ್ದಳು, ಇನ್ನೊಬ್ಬಳು ಯಾವುದೋ ಮನೆಯ ನಾಯಿಯನ್ನು ಬೈಯುತ್ತಿದ್ದಳು. ಯಾರಿಗೂ ನನ್ನ ಸಲಹೆ ಬೇಕಿರಲಿಲ್ಲ. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಗೋಡೆಗೆ ಒರಗಿದೆ. ಸುಲಿಯುತ್ತಾ ಸುಲಿಯುತ್ತಾ ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಎಚ್ಚರವಾದಾಗ ತಲೆಯ ಕೆಳಗೆ ಯಾರೋ ದಿಂಬು ಇಟ್ಟಿದ್ದರು. ಹುಡುಗಿಯರೆಲ್ಲ ಹೊರಟುಹೋಗಿದ್ದರು. ಗಾಬರಿಯಾಗಿ ಏಳಲು ಹೋದೆ.

"ಮಲೀಕಳಿ," ಎಂದರು ಅತ್ತೆ, ಮೊರದಲ್ಲಿ ಕೇರುವುದನ್ನು ನಿಲ್ಲಿಸದೆ. "ಕಡೂರಿಗೆ ಇನ್ನೊಂದು ಬಸ್ಸೈತೆ."